ಮಿಸ್ ಕೇರಳವೂ ರೋಸ್‌ಲೈನ್ ಶಾರ್ಕೂ ಒಂದೇ ಮೀನು

ಪಡುಬಿದ್ರಿಯಿಂದ ಕೇಳಿದವರಿಗೆ. ಮಂಗಳೂರಿನಲ್ಲಿ ನೋಡಿದ 'ಮಿಸ್ ಕೇರಳ', ಉಡುಪಿಯಲ್ಲಿ ಜಾಸ್ತಿ ರೇಟು ಹೇಳಿದ 'ರೋಸ್‌ಲೈನ್ ಶಾರ್ಕ್', ಎರಡನ್ನೂ ಒಂದೇ ಟ್ಯಾಂಕಿಗೆ ಬಿಟ್ಟರೆ ಶಾರ್ಕು ಮತ್ತೊಂದನ್ನು ತಿಂದೀತಾ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ, ಎರಡೂ ಒಂದೇ ಮೀನು. ಮೂರನೇ ಅಂಗಡಿಗೆ ಹೋದರೆ ಅದನ್ನೇ ಡೆನಿಸನ್ ಬಾರ್ಬ್ ಅಂತಾರೆ, ನಾಲ್ಕನೆಯದರಲ್ಲಿ ಟಾರ್ಪಿಡೋ ಬಾರ್ಬ್.

ಈ ಮೀನು ಹೊರಗಿನದ್ದೇನೂ ಅಲ್ಲ, ನಮ್ಮ ಘಟ್ಟದ ಹೊಳೆಗಳದ್ದು. ಸುಳ್ಯದ ಪಯಸ್ವಿನಿ ಹರಿದು ಸೇರುವ ಚಂದ್ರಗಿರಿಯಲ್ಲೂ ಉಂಟು. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ಮೀನುತಜ್ಞ ಕೇರಳದ ಮುಂಡಕ್ಕಯಂನ ಮೀನು ನೋಡಿ ವಿವರ ಬರೆದು, ಆಗಿನ ಮದ್ರಾಸ್ ಗವರ್ನರ್ ವಿಲಿಯಂ ಡೆನಿಸನ್ನನ ಹೆಸರಿಟ್ಟ. ಮಲಯಾಳದಲ್ಲಿ ಅದು ಚೋರಕ್ಕಣ್ಣಿ, ಅಂದರೆ ನೆತ್ತರುಗಣ್ಣಿ. ಮೂತಿಯಿಂದ ಹೊರಟು ಕಣ್ಣಿನ ಮೇಲೆ ಹಾದುಹೋಗುವ ಆ ಕೆಂಪು ಗೆರೆ ಕಂಡವರಿಗೆ ಅರ್ಥ ಹೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ಇರುವುದರಲ್ಲಿ ಅದೇ ಒಳ್ಳೆಯ ಹೆಸರು. ಆದರೆ ಮಗುವಿಗೆ ಮೀನು ತೆಗೆಯಲು ಬಂದವರ ಎದುರು ನೆತ್ತರುಗಣ್ಣಿ ಅಂತ ಬರೆದಿಟ್ಟರೆ ವ್ಯಾಪಾರ ಆದೀತಾ? ಮಿಸ್ ಕೇರಳ ಅಂದರೆ ಆಗುತ್ತದೆ.

ಇನ್ನು ಶಾರ್ಕ್. ಬೆನ್ನಿನ ರೆಕ್ಕೆ ಸ್ವಲ್ಪ ಮುಕ್ಕೋನವಾಗಿ ನಿಂತರೆ ಸಾಕು, ಅಂಗಡಿಯಲ್ಲಿ ಅದು ಶಾರ್ಕ್. ರೇನ್‌ಬೋ ಶಾರ್ಕ್, ಬಾಲಾ ಶಾರ್ಕ್, ಎಲ್ಲ ರೋಹು, ಕಾಟ್ಲಾದ ಸಂಬಂಧಿಕರೇ. ತಾಟೆಗೂ (ಕಡಲಿನ ನಿಜವಾದ ಶಾರ್ಕಿಗೂ) ಅವಕ್ಕೂ ಏನೇನೂ ಸಂಬಂಧ ಇಲ್ಲ. ಬರೇ 'ಶಾರ್ಕ್' ಅಂತ ಮಾರುವ ಬೆಳ್ಳಿ ಬಣ್ಣದ ಮರಿಯಂತೂ ಪಂಗಾಸಿಯಸ್ ಎಂಬ ಮೀಸೆ ಮೀನು. ಹೋಟೆಲುಗಳಲ್ಲಿ 'ಬಾಸಾ' ಅಂತ ತಟ್ಟೆಗೆ ಬರುವುದು ಹೆಚ್ಚಾಗಿ ಅದೇ! ಅದು ಒಂದು ಮೀಟರ್ ದಾಟಿ ಬೆಳೆಯುತ್ತದೆ. ನಾನೂ ಗೊತ್ತಿಲ್ಲದೆ ಎರಡಿಂಚಿನ ನಾಲ್ಕು ಮರಿ ತಂದು ಮೂರಡಿ ಟ್ಯಾಂಕಿಗೆ ಬಿಟ್ಟಿದ್ದೆ. ಲೈಟು ಹಾಕಿದಾಗೆಲ್ಲ ಬೆದರಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತಿದ್ದವು. ಕೊನೆಗೆ ಪರಿಚಯದವರ ಅಡಿಕೆ ತೋಟದ ಸಿಮೆಂಟ್ ಟ್ಯಾಂಕಿಗೆ ಸಾಗಿಸಿದೆ. ಹೊಳೆಗೆ ಮಾತ್ರ ಬಿಡಬೇಡಿ. 'ಟ್ಯಾಂಕ್ ಕ್ಲೀನರ್' ಅಂತ ಕೊಡುವ ಸಕ್ಕರ್ ಮೀನನ್ನೂ ಅಷ್ಟೇ, ಅದು ಒಂದೂವರೆ ಅಡಿಯವರೆಗೆ ಹೋಗುತ್ತದೆ.

ಅಂಗಡಿಯವರು ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಹೋಲ್‌ಸೇಲ್ ಚೀಟಿಯಲ್ಲಿ ಬಂದ ಹೆಸರನ್ನೇ ಅವರೂ ಹೇಳುವುದು. ನಮ್ಮ ಮಾರ್ಕೆಟಿನಲ್ಲೇ ನೋಡಿ, ಕಾಣೆ ಮೀನಿಗೆ ನಾವು ಇಂಗ್ಲಿಷಿನಲ್ಲಿ ಲೇಡಿಫಿಶ್ ಅನ್ನುತ್ತೇವೆ. ಅಮೆರಿಕದವರಿಗೆ ಲೇಡಿಫಿಶ್ ಅಂದರೆ ಬೇರೆಯೇ ಮೀನು. ಗುಲಾಬಿ ಬಣ್ಣದ ರಾಣಿ ಮೀನು ತುಳುವಿನಲ್ಲಿ ಮದ್ಮಾಲ್. ಮಿಸ್ ಕೇರಳ ಅಂದವರನ್ನು ಮದುಮಗಳು ಅಂತ ಕರೆದ ನಾವು ನಗುವ ಹಾಗಿಲ್ಲ.

ಕೆಲವು ಹೆಸರಿನ ಬುಡ ಶಾಸ್ತ್ರದವರು ಇಟ್ಟ ಹಳೇ ಲ್ಯಾಟಿನ್ ಹೆಸರಿನಲ್ಲಿದೆ. ಟ್ಯಾಂಕಿನ ಮೋಲಿ ಮೀನು ಅಂದಕೂಡಲೇ ಬೆಂದೂರಿನ ಯಾವುದೋ ಮೋಲಿ ಬಾಯಿ ನೆನಪಾಗಬಹುದು, ಆದರೆ ಅದು ಮೊಲ್ಲಿಯೆನ್ ಎಂಬ ಫ್ರೆಂಚ್ ಖಜಾನೆ ಮಂತ್ರಿಯ ಹೆಸರಿನ ತುಂಡು. ಗಪ್ಪಿ ಮೀನಿನ ಹೆಸರು, ಟ್ರಿನಿಡಾಡಿನಿಂದ ಲಂಡನ್ನಿಗೆ ಮೀನು ಕಳಿಸಿದ ಗಪ್ಪಿ ಎಂಬವರದ್ದು. 1866ರಲ್ಲಿ ಅವರ ಹೆಸರಿಟ್ಟರು. ಆಮೇಲೆ ನೋಡಿದರೆ 1859ರಲ್ಲೇ ಅದಕ್ಕೆ ಬೇರೆ ಹೆಸರು ಬಿದ್ದಾಗಿತ್ತು. ಶಾಸ್ತ್ರದವರು ಹಳೆಯದಕ್ಕೆ ಹೋದರು, ಜನ ಗಪ್ಪಿಯನ್ನು ಬಿಡಲಿಲ್ಲ.

ಹಾಗಾಗಿ ದುಡ್ಡು ಕೊಡುವ ಮೊದಲು ಲ್ಯಾಟಿನ್ ಹೆಸರು ಕೇಳಿ, ಅಲ್ಲೇ ಮೊಬೈಲಿನಲ್ಲಿ ಹಾಕಿ ಎಷ್ಟು ಉದ್ದ ಬೆಳೆಯುತ್ತದೆ ನೋಡಿ. ನಿಮ್ಮದು ಸಹ್ಯಾದ್ರಿಯಾ ಡೆನಿಸೋನಿ. ಹೆಸರಿನ ಮೊದಲ ಭಾಗ 2013ರವರೆಗೆ ಪುಂಟಿಯಸ್ ಅಂತಿತ್ತು, ಚೀಟಿಯಲ್ಲಿ ಈಗಲೂ ಹಾಗೇ ಇದ್ದೀತು. 'ಡೆನಿಸೋನಿ' ಇದ್ದರೆ ಆಯಿತು. ಐದಾರು ಇಂಚು ಬೆಳೆಯುತ್ತದೆ, ಕಡಿಮೆ ಅಂದರೆ ಆರು ಒಟ್ಟಿಗೆ ಇರಬೇಕು, ನಾಲ್ಕಡಿ ಟ್ಯಾಂಕು, ಜೋರು ಫಿಲ್ಟರು, ಮೇಲೆ ಮುಚ್ಚಳ (ಹಾರುತ್ತವೆ). ತಂಪು ಹೊಳೆಯ ಮೀನಾದ್ದರಿಂದ ನಮ್ಮ ಏಪ್ರಿಲ್-ಮೇ ಸೆಕೆಗೆ ಸೋಲುತ್ತದೆ, ಆಗ ಏರ್ ಪಂಪ್ ನಿಲ್ಲಿಸಬೇಡಿ. ಹೊಳೆಗಳಲ್ಲಿ ಅಳಿವಿನಂಚಿಗೆ ಬಂದಿರುವ ಮೀನು, ಸಾಕಿ ಮರಿ ಮಾಡಿಸಿದ್ದೇ ಬೇಕು ಅಂತ ಕೇಳಿ.

ಉಡುಪಿಯದ್ದರ ಫೋಟೋ ಬದಿಯಿಂದ ತೆಗೆದು ಇಲ್ಲಿ ಹಾಕಿ. ಕೆಂಪು ಗೆರೆ, ಅದರ ಕೆಳಗೆ ಬಾಲದವರೆಗೆ ಕಪ್ಪು ಗೆರೆ, ಬಾಲದ ತುದಿಯಲ್ಲಿ ಹಳದಿ-ಕಪ್ಪು ಇದ್ದರೆ ಕಡಿಮೆ ರೇಟಿನ ಅಂಗಡಿಗೇ ಹೋಗಿ.