1950–60ರ ದಶಕದ ಕಥೆ ಹೇಳುವ ಸಿನಿಮಾಗಳಲ್ಲಿ ಉದ್ಯೋಗಸ್ಥ ನಾಯಕಿಗೆ ಪ್ರೀತಿ ಏಕೆ ಸುಲಭವಾಗಿ ದಕ್ಕುವುದಿಲ್ಲ?

ಆ ಕಾಲದ ನಿಯಮಗಳೇ ಹಾಗಿದ್ದವು. ನಮ್ಮ ವಿದೇಶಾಂಗ ಸೇವೆಯನ್ನೇ ನೋಡಿ: ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದಿತ್ತು. ಆ ಸೇವೆಯ ಅಧಿಕಾರಿ, ಕೊಡಗಿನ ಸಿ.ಬಿ. ಮುತ್ತಮ್ಮ ಹೋರಾಡಿದ ಮೊಕದ್ದಮೆಯಲ್ಲಿ, 1979ರಲ್ಲಿ, ಸುಪ್ರೀಂ ಕೋರ್ಟ್ ಈ ತಾರತಮ್ಯವನ್ನು ಕಟುವಾಗಿ ಖಂಡಿಸಿತು. ಅವರು ಮದುವೆಯಾಗಲೇ ಇಲ್ಲ.

ಹಾಲಿವುಡ್‌ನ ‘ಮೋನಾ ಲಿಸಾ ಸ್ಮೈಲ್’ ಚಿತ್ರದ ಅಧ್ಯಾಪಕಿಯೂ ಕೊನೆಗೆ ಒಬ್ಬಳೇ ಹೊರಡುತ್ತಾಳೆ.

ನನಗೆ ಹೆಚ್ಚು ಪ್ರಿಯವಾದದ್ದು ‘ಹಿಡನ್ ಫಿಗರ್ಸ್’. ನಾಸಾದ ಗಣಿತಜ್ಞೆ ಕ್ಯಾಥರೀನ್ ವಿಧವೆ, ಮೂವರು ಹೆಣ್ಣುಮಕ್ಕಳ ತಾಯಿ; ಆದರೂ ಮತ್ತೆ ಪ್ರೀತಿಸುತ್ತಾಳೆ. (ನಿಜಜೀವನದಲ್ಲಿ ಆ ಮರುಮದುವೆ ನಡೆದದ್ದು 1959ರಲ್ಲಿ, ಸಿನಿಮಾ ಅದನ್ನು ಮುಂದಕ್ಕೆ ತಳ್ಳಿದೆ.) ಕಲಬುರಗಿಯಲ್ಲಿ ದಶಕಗಳ ಕಾಲ ಶಿಕ್ಷಕಿಯಾಗಿದ್ದ ನನ್ನ ಸೋದರತ್ತೆ ಇದನ್ನು ನನ್ನೊಡನೆ ನೋಡಿದರು. ಪ್ರೇಮದ ದೃಶ್ಯಗಳನ್ನು ಬಿಟ್ಟು ಅವರು ಕೇಳಿದ್ದು ಒಂದೇ: “ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?” ಕ್ಯಾಥರೀನಳ ತಾಯಿ ಎಂದೆ. “ಹಾಗಾದರೆ ಸರಿ, ನನಗೂ ನಮ್ಮ ಅತ್ತೆ ಇದ್ದರು” ಎಂದರು. ಇಂಥ ಚಿತ್ರ ನೋಡುವಾಗ ನಾಯಕನಿಗಿಂತ ಮೊದಲು ಆ ಇನ್ನೊಬ್ಬ ಹೆಂಗಸನ್ನು ಹುಡುಕಿ. ಅವಳಿಲ್ಲದ ಕಥೆಗಳಲ್ಲೇ ನಾಯಕಿ ಹೆಚ್ಚಾಗಿ ಒಂಟಿಯಾಗುತ್ತಾಳೆ.