ಎರಡು ಮಳೆಗಾಲ ಕಂಡ ಕೆಲಸ ತೋರಿಸಿ ಅನ್ನಿ

ಸಕಲೇಶಪುರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನಮ್ಮದು ಹಳೆಯ ಹೆಂಚಿನ ಮನೆ. ಹಿಂದುಗಡೆ ಎರಡು ಕೋಣೆಗೆ ಆರ್‌ಸಿಸಿ ಹಾಕಿಸಿದ್ದೇವೆ. ಈಗ ಮಾಡು ಹೊರುವ ಮರಕ್ಕೆ, ಅಂದರೆ ಪಕಾಸಿಗೆ, ಗೆದ್ದಲು ಹಿಡಿದಿದೆ, ಆರ್‌ಸಿಸಿಯೂ ಸೋರುತ್ತಿದೆ. ಹಾಸನದ ಕಂಟ್ರಾಕ್ಟರ್ ಒಬ್ಬರು ರಿಪೇರಿಗೆ 4 ಲಕ್ಷ ಹೇಳಿದ್ದಾರೆ, ಅರ್ಧ ಮುಂಗಡ ಬೇಕಂತೆ. ಅವರನ್ನು ಕರೆತಂದವರು ನಮ್ಮ ಬೀಗರು. ಕಂಟ್ರಾಕ್ಟರ್ ಹಿಂದುಮುಂದು ವಿಚಾರಿಸಿದರೆ ಬೀಗರು ತಪ್ಪು ತಿಳಿಯುತ್ತಾರಾ? ವಿಚಾರಿಸುವುದಾದರೂ ಹೇಗೆ?’

ಮೇಷ್ಟ್ರೇ,

ವಿಚಾರಿಸಿ. ಸಂಬಂಧ ಬೆಳೆಸುವ ಮುಂಚೆ ನಿಮ್ಮ ಬೀಗರೂ ನಿಮ್ಮ ಬಗ್ಗೆ ನಾಲ್ಕು ಕಡೆ ಕೇಳಿಯೇ ಇರುತ್ತಾರೆ. ಅದರಲ್ಲಿ ತಪ್ಪೇನಿಲ್ಲ ಅಲ್ವಾ? ಇದೂ ಹಾಗೇ.

ನಮ್ಮ ಮನೆಯಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಊರಿನ ಮನೆಯ ಮಾಡು ರಿಪೇರಿಗೆ ಒಬ್ಬರನ್ನು ಗೊತ್ತು ಮಾಡಿದೆವು. ತಾವು ಮಾಡಿದ ಮನೆ ಎಂದು ಒಂದನ್ನು ತೋರಿಸಿದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಯಲ್ಲಿ ಒಂದು ಕಲೆ ಇಲ್ಲ. ಅಷ್ಟಕ್ಕೇ ಒಪ್ಪಿ ಮುಂಗಡ ಕೊಟ್ಟೆವು. ಅವರು ಹೆಂಚು ಇಳಿಸಿದರು, ಹೆಂಚು ಕೂರುವ ರೀಪು ಕಿತ್ತರು, ಬೇರೆ ಕೆಲಸಕ್ಕೆ ಹೊರಟುಹೋದರು. ಮೃಗಶಿರಾ ಮಳೆ ಶುರುವಾದಾಗ ನಮ್ಮ ತಲೆ ಮೇಲೆ ಇದ್ದದ್ದು ಟಾರ್ಪಾಲು ಮಾತ್ರ. ಅಟ್ಟದ ಮೇಲಿನ ಭತ್ತ ನೆನೆದು ಮೊಳಕೆ ಬಂತು. ಅವ್ವ ಹದಿನೈದು ದಿನ ಅಡುಗೆಮನೆ ಮೂಲೆಯಲ್ಲಿ ಮಲಗಿದರು. ಆಮೇಲೆ ಹಾರ್ಡ್‌ವೇರ್ ಅಂಗಡಿಯವರು, ‘ಅವರು ಯಾವಾಗಲೂ ಹಾಗೇ, ನಾಲ್ಕು ಕೆಲಸ ಒಟ್ಟಿಗೆ ಹಿಡೀತಾರೆ. ನೀವು ಕೇಳಿದ್ರೆ ಹೇಳ್ತಿದ್ದೆ’ ಅಂದರು.

ನಾವು ಕೇಳಿರಲಿಲ್ಲ. ಇನ್ನೊಬ್ಬರ ಹೊಟ್ಟೆಪಾಡಿನ ವಿಷಯದಲ್ಲಿ ಯಾರೂ ತಾವಾಗಿ ಬಾಯಿ ಬಿಡುವುದಿಲ್ಲ. ಕೇಳಿದರೆ ಹೇಳುತ್ತಾರೆ.

ಅದಕ್ಕೇ ನಿಮಗೆ ಹೇಳುವುದು, ಹೊಸ ಕೆಲಸ ನೋಡಿ ಮರುಳಾಗಬೇಡಿ. ಎರಡು ಮಳೆಗಾಲ ಕಂಡ ಕೆಲಸ ತೋರಿಸಿ ಅನ್ನಿ. ಅದೂ ಹಾಸನ ಪೇಟೆಯದ್ದಲ್ಲ, ಸಕಲೇಶಪುರ, ಹಾನುಬಾಳು, ಮೂಡಿಗೆರೆ ಕಡೆಯದ್ದು. ಪುನರ್ವಸು, ಪುಷ್ಯ ಮಳೆ ನಿಮ್ಮಲ್ಲಿ ವಾರಗಟ್ಟಲೆ ಬಿಡದೆ ಹೊಡೆಯುತ್ತದೆ. ಹಾಸನದ ಮಳೆಗೆ ತಡೆದ ಕೆಲಸ ನಿಮ್ಮಲ್ಲೂ ತಡೆಯುತ್ತದೆ ಅನ್ನುವಂತಿಲ್ಲ. ಆ ಮನೆಗೆ ಹೋದಾಗ ಹೆಂಚಿನ ಮಾಡು ಆರ್‌ಸಿಸಿಗೆ ಕೂಡುವ ಜಾಗ ನೋಡಿ. ನಿಮ್ಮ ಮನೆಯಲ್ಲೂ ನೀರು ಇಳಿಯುತ್ತಿರುವುದು ಅಲ್ಲೇ ಇರಬಹುದು. ಪ್ಯಾರಾಪೆಟ್ ಬುಡ, ಮಳೆನೀರಿನ ಪೈಪಿನ ಬಾಯಿ, ಇವೆರಡನ್ನೂ ನೋಡಿ.

ಕಂಟ್ರಾಕ್ಟರ್ ಪಕ್ಕದಲ್ಲಿ ನಿಂತಿರುವಾಗ ಮನೆಯವರು ಏನೂ ಹೇಳುವುದಿಲ್ಲ. ಇನ್ನೊಂದು ದಿನ ನೀವೊಬ್ಬರೇ ಹೋಗಿ. ‘ಕೆಲಸ ಹೇಗಿದೆ?’ ಎಂದರೆ ‘ಪರವಾಗಿಲ್ಲ’ ಅನ್ನುತ್ತಾರೆ. ಎಷ್ಟು ದಿನ ಅಂದಿದ್ದರು, ಎಷ್ಟು ದಿನ ಹಿಡಿಯಿತು ಎಂದು ಕೇಳಿ. ಕೊನೆಗೆ ಎಷ್ಟು ಜಾಸ್ತಿ ಕೊಡಬೇಕಾಯಿತು ಎಂದು ಕೇಳಿ. ಸೋರಿದಾಗ ಫೋನ್ ಮಾಡಿದರೆ ಬಂದರಾ ಎಂದು ಮರೆಯದೆ ಕೇಳಿ. ಒಳ್ಳೆಯ ಮೇಸ್ತ್ರಿಯ ಕೆಲಸವೂ ಒಮ್ಮೊಮ್ಮೆ ಸೋರುತ್ತದೆ. ಕರೆದಾಗ ಬಂದು ಸರಿಮಾಡಿಕೊಟ್ಟವರು ಅಂತ ಗೊತ್ತಾದರೆ ನಾನು ಅವರಿಗೇ ಕೆಲಸ ಕೊಡುತ್ತೇನೆ.

ಕಂಟ್ರಾಕ್ಟರ್ ಹೆಸರು ಕೊಡದ ಕಡೆಯೂ ಕೇಳಿ. ಅವರು ಸಿಮೆಂಟು ತರುವ ಅಂಗಡಿ, ಮರದ ಸಾಮಿಲ್ಲು, ಅವರ ಹತ್ತಿರ ದುಡಿದ ಗಾರೆಯವರು. ಬಾಕಿ ಉಳಿಸಿಕೊಂಡವರು ಯಾರೆಂದು ಅಂಗಡಿಯವರಿಗೆ ಗೊತ್ತಿರುತ್ತದೆ. ನಿಮ್ಮ ಕೈಯಲ್ಲಿ ಕಲಿತ ಮಕ್ಕಳು ಈ ಕಸುಬುಗಳಲ್ಲೆಲ್ಲ ಇದ್ದೇ ಇರುತ್ತಾರೆ. ಮೇಷ್ಟ್ರು ಕೇಳಿದರೆ ಅವರು ಸುಳ್ಳು ಹೇಳಲಾರರು.

ಇನ್ನು ಕಾಗದಪತ್ರ. ಗಾರೆ, ಹೆಂಚಿನ ಕೆಲಸದವರ ಹತ್ತಿರ ಸಾಮಾನ್ಯವಾಗಿ ಲೈಸೆನ್ಸ್ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ವೈರಿಂಗ್ ಬದಲಾಯಿಸುವುದಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇದ್ದವರೇ ಬೇಕು, ಪ್ರತಿ ಕೇಳಿ ನೋಡಿ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುತ್ತೇನೆ ಎಂದರೆ 15 ಅಕ್ಷರ-ಅಂಕಿಗಳ ನಂಬರ್ ಕೇಳಿ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಯಾರ ಹೆಸರು, ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯಾ ಎಲ್ಲ ಕಾಣುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಸನ ಜಿಲ್ಲೆ ಆರಿಸಿ, ಹೆಸರು ಮತ್ತು ವರ್ಷ ಹಾಕಿದರೆ ಕೇಸುಗಳೂ ಸಿಗುತ್ತವೆ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ. ಅವರೇ ಎಂದು ಖಾತ್ರಿಯಾಗದೆ ಯಾರಿಗೂ ಹೇಳಬೇಡಿ. ಕೇಸು ಇದ್ದ ಮಾತ್ರಕ್ಕೆ ಕೆಟ್ಟವರು ಎಂದೂ ಅಲ್ಲ.

ಅರ್ಧ ಮುಂಗಡ ಖಂಡಿತ ಬೇಡ. ನಾನಾದರೆ ಹತ್ತರಲ್ಲಿ ಒಂದು ಪಾಲು ಕೊಡುತ್ತೇನೆ, ಆಮೇಲೆ ಕೆಲಸ ಆದಂತೆ ಆದಂತೆ. ಕರಾರಿನಲ್ಲಿ ಒಂದು ಸಾಲು ತಪ್ಪದೆ ಬರೆಸಿ: ರೀಪು, ಪಕಾಸಿಯ ಮರ ಪೂರ್ತಿ ಅಂಗಳಕ್ಕೆ ಬಂದು ಬೀಳುವ ತನಕ ಒಂದು ಹೆಂಚೂ ಇಳಿಸುವಂತಿಲ್ಲ. ನಾವು ಕೆಟ್ಟದ್ದು ಇದೊಂದು ಇಲ್ಲದೆ. ಆರ್‌ಸಿಸಿ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಬರದಿದ್ದರೆ ಮಾತ್ರ ಆ ಕೆಲಸದ ದುಡ್ಡು. ಕೊನೆಯ ಕಂತು ಆರಿದ್ರಾ ಮಳೆ ಕಳೆದ ಮೇಲೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇಟ್ಟುಕೊಳ್ಳಿ. ಹೆಚ್ಚುಕಮ್ಮಿಯಾದರೆ 2 ವರ್ಷದೊಳಗೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಕಾಫಿ ಕುಯ್ಲು ಮುಗಿದಿದೆ, ಈಗ ಆಳುಗಳು ಸಿಗುತ್ತಾರೆ ಎಂದು ಕಂಟ್ರಾಕ್ಟರ್ ಅವಸರ ಮಾಡಬಹುದು. ಶಿವರಾತ್ರಿ ತನಕ ತಡೆಯಿರಿ. ಅಷ್ಟರೊಳಗೆ ಎರಡು ಮನೆಯನ್ನಾದರೂ ನೋಡಿ ಬನ್ನಿ. ಹೋಗುವಾಗ ಬೀಗರನ್ನೂ ಕರೆದುಕೊಂಡು ಹೋಗಿ. ಅವರೇ ತೋರಿಸಿದವರಲ್ಲವೇ, ಸಂತೋಷದಿಂದ ಬರುತ್ತಾರೆ.

— ಸಂಪಾದಕ