ಕರಡಿ ವೇಷ ಕಂಡರೆ ಬೊಗಳುವ ನಾಯಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ರಜೆ ಬಂತು. ಈ ಸಲದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಚಾರ. ಥೀಮ್ ಕ್ಯಾಂಪಿಗೆ ಹೋಗುತ್ತಿದ್ದೇವೆ, ನಾಯಿಯೂ ಬರುತ್ತದೆ, ಏನು ಮಾಡಬೇಕು? ಕಾರ್ಟೂನ್ ಬೊಂಬೆಗಳು, ಕಡಲ್ಗಳ್ಳರ ಹಡಗು, ನೀರಿನ ಜಾರುಬಂಡೆ, ರಾತ್ರಿ ಬೆಂಕಿ ಸುತ್ತ ಹಾಡು ಇರುವ ಜಾಗಗಳ ಬಗ್ಗೆ ಕೇಳುತ್ತಿದ್ದೀರಿ. ಈ ಕಲ್ಪನೆ ಹೊಸದೇನಲ್ಲ. ಯೋಗಿ ಬೇರ್ ಅನ್ನೋ ಕಾರ್ಟೂನ್ ಕರಡಿಯ ಹೆಸರಿನ ಮೊದಲ ಕ್ಯಾಂಪ್ 1969ರಲ್ಲೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಟರ್ಜನ್ ಬೇಯಲ್ಲಿ ಶುರುವಾಗಿತ್ತು. ಪಿಕ್ನಿಕ್‌ಗೆ ಬಂದವರ ಬುಟ್ಟಿ ಎಗರಿಸೋದೇ ಆ ಕರಡಿಯ ಕಸುಬು. ನಮ್ಮ ನಾಯಿಗಳಿಗೆ ಇದಕ್ಕಿಂತ ಒಳ್ಳೆ ಗುರು ಬೇಕಾ?

ಪ್ರಶ್ನೆ: ನಮ್ಮದು ಮೂರು ವರ್ಷದ ಲ್ಯಾಬ್ರಡಾರ್. ಎರಡು ದಿನಕ್ಕೆ ಕ್ಯಾಂಪ್ ಬುಕ್ ಮಾಡಿದ್ದೇವೆ. ಬೆಳಗಿನಿಂದ ರಾತ್ರಿವರೆಗೆ ಗಂಟೆಗೊಂದು ಕಾರ್ಯಕ್ರಮ. ಎಲ್ಲಕ್ಕೂ ನಾಯಿ ಬರಲೇಬೇಕು ಅಂತ ಮಕ್ಕಳ ಹಟ. ಅದರ ದಿನ ಹೇಗಿರಬೇಕು?

ಉತ್ತರ: ಕಾರ್ಯಕ್ರಮದ ಪಟ್ಟಿ ಮಕ್ಕಳಿಗಿರಲಿ. ನಾಯಿಗೆ ಕಡಲ್ಗಳ್ಳರ ಹಡಗೂ ಒಂದೇ, ಕಸದ ತೊಟ್ಟಿಯೂ ಒಂದೇ. ನಿಜ ಹೇಳಬೇಕೆಂದರೆ ತೊಟ್ಟಿಯೇ ಹೆಚ್ಚು. ಅದರ ದಿನವನ್ನು ಮೂಗು ಮತ್ತು ನಿದ್ದೆ, ಇವೆರಡರ ಸುತ್ತ ಹೊಂದಿಸಿ. ಉಳಿದದ್ದು ಸಿಕ್ಕರೆ ಸಿಕ್ಕಿತು.

ಬೆಳಗ್ಗೆ ಬೇಗ, ಮೈಕು ಕೂಗೋದಕ್ಕೆ ಮೊದಲೇ ಎದ್ದು ಹೊರಡಿ. ನಡುವಿನ ದಾರಿ ಬಿಟ್ಟು ಕ್ಯಾಂಪಿನ ಅಂಚು ಹಿಡಿಯಿರಿ. ಬೇಲಿ, ಪೊದೆ, ಮರದ ಬುಡ, ಹಿಂದಿನ ದಿನ ಯಾರೋ ಊಟಕ್ಕೆ ಕೂತಿದ್ದ ಬೆಂಚು, ನಾಯಿಗೆ ಬೇಕಾದ್ದೆಲ್ಲ ಅಲ್ಲೇ ಇರುತ್ತದೆ. ಕತ್ತಿನ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಖಾಲಿ ಜಾಗದಲ್ಲಿ ಐದು ಮೀಟರಿನ ಉದ್ದ ಹಗ್ಗ, ಜನ ಇರುವಲ್ಲಿ ಎರಡು ಮೀಟರಿನದು. ಗುಂಡಿ ಒತ್ತಿದರೆ ತಾನೇ ಸುತ್ತಿಕೊಳ್ಳುವ ಹಗ್ಗವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಟೆಂಟಿನ ಗೂಟ, ಮಕ್ಕಳ ಕಾಲು, ಸೈಕಲ್ಲಿನ ಚಕ್ರ, ಎಲ್ಲಕ್ಕೂ ಅದು ಸುತ್ತಿಕೊಳ್ಳುತ್ತದೆ. ಅದರ ತೆಳು ದಾರ ಚರ್ಮವನ್ನು ಸೀಳಬಲ್ಲದು.

ನಾಯಿ ಒಂದು ಕಂಬದ ಹತ್ತಿರ ನಿಂತಿತು ಅಂದುಕೊಳ್ಳಿ. ಎಳೆಯಬೇಡಿ. ಬಗ್ಗಿ ಅದರ ಮೂಗನ್ನೇ ನೋಡಿ. ಹೊಳ್ಳೆಯ ಪಕ್ಕದಲ್ಲಿ ಅಲ್ಪವಿರಾಮದ ಆಕಾರದ ಸೀಳು ಕಾಣುತ್ತದೆ. ಉಸಿರು ಒಳಗೆ ಹೋಗೋದು ಮುಂದಿನಿಂದ, ಹೊರಗೆ ಬರೋದು ಆ ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಮುಂದಿರುವ ವಾಸನೆಯನ್ನು ಚದುರಿಸಿ ಹಾಳು ಮಾಡೋದಿಲ್ಲ. ಮೂಸುವಾಗ ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಒಳಗೆ ಹೊರಗೆ ಆಡುತ್ತದೆ. ನೆಲದ ಧೂಳು ಪುಸ್ ಪುಸ್ ಅಂತ ಏಳೋದು ಬರಿಗಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ. ಕ್ಯಾಂಪಿನವರ ಯಾವ ಆಟಕ್ಕೂ ಕಡಿಮೆ ಇಲ್ಲ.

ಇದು ಸುಮ್ನೆ ಕಾಲಹರಣ ಅಂದುಕೊಳ್ಳಬೇಡಿ. 2019ರಲ್ಲಿ ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಷಾರ್ಲೆಟ್ ದ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಎರಡು ವಾರ ಒಂದು ಗುಂಪಿನ ನಾಯಿಗಳಿಗೆ ಮೂಸಿ ಹುಡುಕುವ ಆಟ, ಇನ್ನೊಂದು ಗುಂಪಿಗೆ ಯಜಮಾನರ ಪಕ್ಕದಲ್ಲೇ ಅಚ್ಚುಕಟ್ಟಾಗಿ ನಡೆಯುವ ಅಭ್ಯಾಸ. ಆಮೇಲೆ ತಿಂಡಿ ಇದೆಯೋ ಇಲ್ಲವೋ ಗೊತ್ತಾಗದ ಜಾಗದಲ್ಲಿ ಬಟ್ಟಲಿಟ್ಟರು. ಮೂಸುವ ಆಟ ಆಡಿದ ನಾಯಿಗಳು ಅದರತ್ತ ಮೊದಲಿಗಿಂತ ಬೇಗ ಹೋದವು. ಪಕ್ಕದಲ್ಲಿ ನಡೆದವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ ಮೂಸಿದ ನಾಯಿಗಳಿಗೆ ಒಳ್ಳೆಯದೇ ಸಿಗುತ್ತದೆ ಅನ್ನೋ ಭರವಸೆ ಹೆಚ್ಚಿತ್ತು.

ಹೊತ್ತೇರಿದ ಮೇಲೆ ಮಲಗಿಸಿ. ಪೂರ್ತಿ ಬೆಳೆದ ನಾಯಿಯೂ ದಿನದಲ್ಲಿ ಸುಮಾರು ಅರ್ಧ ಹೊತ್ತು ನಿದ್ದೆಯಲ್ಲೇ ಇರುತ್ತದೆ. ಹೊಸ ಜಾಗದಲ್ಲಿ ಅದಕ್ಕೆ ನಿದ್ದೆ ತಾನಾಗಿ ಬರೋದಿಲ್ಲ. ಮನೆಯ ಹಾಸಿಗೆಯನ್ನೇ ಒಗೆಯದೆ ತನ್ನಿ. ಮನೆ ವಾಸನೆ ಇದ್ದರೆ ಬೇಗ ಮಲಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದು ಸುತ್ತು. ಮಕ್ಕಳ ಕಾರ್ಯಕ್ರಮಗಳಲ್ಲಿ ಒಂದೋ ಎರಡೋ ಆರಿಸಿ. ಮೈಕಿನಿಂದ ದೂರ, ಹೊರಗೆ ಹೋಗುವ ದಾರಿಯ ಪಕ್ಕ ಕೂತುಕೊಳ್ಳಿ.

ಹಾಂ, ಕುಡಿಯುವ ನೀರು ನಿಮ್ಮ ಬಾಟಲಿಯದ್ದೇ ಇರಲಿ. ಕೊಳದ ನೀರು ಹಸಿರು ಬಣ್ಣ ಕಲಸಿದಂತೆ ಕಂಡರೆ ಹತ್ತಿರವೂ ಬಿಡಬೇಡಿ. ಕೆಲವು ಜಾತಿಯ ನೀಲಿ-ಹಸಿರು ಪಾಚಿಯ ವಿಷ ಗಂಟೆಗಳಲ್ಲೇ ನಾಯಿಯನ್ನು ಕೊಲ್ಲುತ್ತದೆ. ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಇಲಿಜ್ವರದ ರೋಗಾಣು ಇರಬಹುದು. ಅದಕ್ಕೆ ಲಸಿಕೆ ಇದೆ. ಮೊದಲ ಸಲವಾದರೆ 2ರಿಂದ 4 ವಾರಗಳ ಅಂತರದಲ್ಲಿ ಎರಡು ಡೋಸು ಬೇಕು. ಹೊರಡುವ ಹಿಂದಿನ ದಿನ ಕ್ಲಿನಿಕ್ಕಿಗೆ ಓಡಿ ಬಂದರೆ ನಾವೇನೂ ಮಾಡೋಕಾಗಲ್ಲ.

ಪ್ರಶ್ನೆ: ಹೋದ ರಜೆಯಲ್ಲಿ ಕರಡಿ ವೇಷ ಹಾಕಿದವರು ಹತ್ತಿರ ಬಂದಾಗ ನಮ್ಮ ಸಾಧು ನಾಯಿ ಹುಚ್ಚೆದ್ದು ಬೊಗಳಿತು. ಮಕ್ಕಳೆಲ್ಲ ನಕ್ಕರು. ಕ್ಯಾಂಪಿನವರು ‘ಹತ್ತಿರ ಕರ್ಕೊಂಡು ಬನ್ನಿ, ಅಭ್ಯಾಸ ಆಗುತ್ತೆ’ ಅಂದರು. ಸರೀನಾ?

ಉತ್ತರ: ತಪ್ಪು. ನಾಯಿ ಪೆದ್ದಲ್ಲ, ಆ ಕರಡಿಯ ಲೆಕ್ಕ ಅದಕ್ಕೆ ತಾಳೆಯಾಗಲಿಲ್ಲ ಅಷ್ಟೇ. ವಾಸನೆ ಮನುಷ್ಯನದು, ಅದೂ ಬೆವರಿದ ಮನುಷ್ಯನದು. ತಲೆ ಮೂರು ಪಟ್ಟು ದೊಡ್ಡದು. ಕಣ್ಣು ಮಿಟುಕಿಸೋದಿಲ್ಲ, ನೇರ ದಿಟ್ಟಿಸುತ್ತಲೇ ಇರುತ್ತದೆ. ನಾಯಿಗಳ ಲೋಕದಲ್ಲಿ ಹಾಗೆ ದಿಟ್ಟಿಸೋದು ಜಗಳಕ್ಕೆ ಕರೆದಂತೆ. ಬಾಯಿ ನಗುತ್ತಿದೆ, ಆದರೆ ಅಲುಗಾಡೋದಿಲ್ಲ. ಅದರ ಮೇಲೆ ಎರಡು ಕೈ ಚಾಚಿ ಅಪ್ಪಿಕೊಳ್ಳೋಕೆ ಬೇರೆ ಬರುತ್ತದೆ. ನಾನಾದರೂ ಬೊಗಳುತ್ತಿದ್ದೆ.

ಇನ್ನೊಂದು ವಿಷಯ ಜನಕ್ಕೆ ಹೊಳೆಯೋದಿಲ್ಲ. ವೇಷದೊಳಗಿನ ವ್ಯಕ್ತಿ ಹೊರಗೆ ನೋಡೋದು ಸಾಮಾನ್ಯವಾಗಿ ಒಂದು ಸಣ್ಣ ಜಾಲರಿಯ ಮೂಲಕ. ಕಾಲ ಬುಡ ಅವರಿಗೆ ಕಾಣೋದೇ ಇಲ್ಲ ಅನ್ನಬಹುದು. ಅಲ್ಲಿ ಮಲಗಿದ ನಾಯಿಯ ಬಾಲ ತುಳಿದರೆ ಕಚ್ಚಿಸಿಕೊಳ್ಳೋದು ಅವರು, ಬೈಸಿಕೊಳ್ಳೋದು ನಾಯಿ.

ಬೊಗಳುವುದಕ್ಕೆ ಮೊದಲೇ ನಾಯಿ ಸೂಚನೆ ಕೊಟ್ಟಿರುತ್ತದೆ. ಮುಖ ಪಕ್ಕಕ್ಕೆ ತಿರುಗಿಸುತ್ತದೆ. ತಿಂಡಿ ಇಲ್ಲದಿದ್ದರೂ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತದೆ. ನಿದ್ದೆ ಬಾರದೆಯೂ ಆಕಳಿಸುತ್ತದೆ. ಕಣ್ಣಿನ ಬಿಳಿಭಾಗ ಕಾಣುತ್ತದೆ. ಮುಂಗಾಲು ಒಂದನ್ನು ಎತ್ತಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಬಾಲ ಆಡಿಸಿದರೆ ಖುಷಿ ಅಂತ ಎಲ್ಲರೂ ನಂಬಿದ್ದಾರೆ. ಬಾಲ ಸೆಟೆದು ನಿಂತು ತುದಿ ಮಾತ್ರ ಚುರುಕಾಗಿ ಆಡುತ್ತಿದ್ದರೆ ಅದು ಖುಷಿಯಲ್ಲ, ಎಚ್ಚರಿಕೆ.

ಮುಂದಿನ ಸಲ ಕರಡಿ ಕಂಡ ಕೂಡಲೇ ದೂರ ಸರಿಯಿರಿ. ಎಷ್ಟು ದೂರ? ನಾಯಿ ಕರಡಿಯನ್ನು ನೋಡುತ್ತಲೇ ನಿಮ್ಮ ಕೈಯ ತಿಂಡಿ ತಿನ್ನುವಷ್ಟು. ತಿಂಡಿ ಬೇಡ ಅಂದರೆ ನೀವಿನ್ನೂ ತುಂಬ ಹತ್ತಿರ ಇದ್ದೀರಿ. ಕರಡಿ ಕಂಡಿತು, ತಿಂಡಿ ಬಂತು. ಕರಡಿ ಹೋಯಿತು, ತಿಂಡಿ ನಿಂತಿತು. ಇಷ್ಟೇ ಪಾಠ. ಹಾಗೇ ಮಾಡುತ್ತಿದ್ದರೆ ಕೆಲವು ನಾಯಿಗಳು ಸಂಜೆಯ ಹೊತ್ತಿಗೆ ಕರಡಿಯನ್ನು ಕಂಡು ನಿಮ್ಮ ಮುಖ ನೋಡತೊಡಗುತ್ತವೆ. ಕೆಲವು ನೋಡೋದಿಲ್ಲ. ಅಂಥವಕ್ಕೆ ಕರಡಿಯ ಜೊತೆ ಫೋಟೋ ಬೇಡ. ಮಕ್ಕಳು ಹೋಗಿ ತೆಗೆಸಿಕೊಳ್ಳಲಿ.

ಪ್ರಶ್ನೆ: ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದರೆ ನಮ್ಮ ನಾಯಿ ಪಕ್ಕದಲ್ಲೇ ಹುಡುಕಾಡುತ್ತದೆ. ಕಣ್ಣು ಮಂದವಾಗಿದೆಯಾ?

ಉತ್ತರ: ಬಹುಶಃ ಇಲ್ಲ. ನಾಯಿಯ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆಯವು, ನಮ್ಮಲ್ಲಿ ಮೂರು. 1989ರಲ್ಲಿ ವಿಜ್ಞಾನಿ ಜೇ ನೈಟ್ಸ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ನೀಲಿ ಮತ್ತು ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರು ಹೆಚ್ಚು ಕಡಿಮೆ ಒಂದೇ ಥರ ಮಂಕಾಗಿ ಕಾಣುತ್ತವೆ. ನೀಲಿ ಚೆಂಡು ಎಸೆದು ನೋಡಿ. ಅದೂ ಸಿಗದಿದ್ದರೆ ಕಣ್ಣು ತೋರಿಸಿ.

ಪ್ರಶ್ನೆ: ನೀರಿನಾಟದ ಜಾಗಕ್ಕೆ ನಾಯಿ ಬಿಡೋದಿಲ್ಲವಂತೆ. ಅರ್ಧ ಗಂಟೆ ಕಾರಿನಲ್ಲಿ, ಕಿಟಕಿ ಸ್ವಲ್ಪ ಇಳಿಸಿ ಬಿಡಬಹುದಾ?

ಉತ್ತರ: ಬೇಡ. ಹೊರಗೆ ಬರೀ 21 ಡಿಗ್ರಿ ಇದ್ದರೂ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಡಿಗ್ರಿ ಆಗುತ್ತದೆ. ಕಿಟಕಿ ಒಂದಿಷ್ಟು ಇಳಿಸಿದರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬಿಸಿಲಿಗೆ ನಿಂತ ಟೆಂಟನ್ನೂ ನಂಬಬೇಡಿ. ಒಬ್ಬರು ನಾಯಿಯ ಜೊತೆ ನೆರಳಲ್ಲಿ ಕೂರಿ, ಸರದಿ ಮಾಡಿಕೊಳ್ಳಿ.

ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ ಇನ್ನೂ ಬೇಗ. ಏದುಸಿರು ನಿಲ್ಲುತ್ತಿಲ್ಲ, ಜೊಲ್ಲು ದಪ್ಪಗಾಗಿದೆ, ಒಸಡು ಕಡುಗೆಂಪಾಗಿದೆ, ನಡಿಗೆ ತೂರಾಡುತ್ತಿದೆ ಅಂದರೆ ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಮೈ ಪೂರ್ತಿ ತಣ್ಣೀರು ಸುರಿಯುತ್ತಲೇ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ನೆಲದ ಬಿಸಿಗೆ ಒಂದು ಸುಲಭ ಪರೀಕ್ಷೆ. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡ್ ಎಣಿಸಿ. ನಿಮಗೆ ತಡೆಯೋಕಾಗದಿದ್ದರೆ ನಾಯಿಯ ಪಾದಕ್ಕೂ ಆಗೋದಿಲ್ಲ.

ಪ್ರಶ್ನೆ: ರಾತ್ರಿ ಬೆಂಕಿ ಸುತ್ತ ಕೂತಾಗ ಮಕ್ಕಳು ಚಾಕೊಲೇಟ್ ತಿನ್ನಿಸಿಬಿಡುತ್ತಾರೆ. ಒಂದು ತುಂಡಿಗೆ ಏನಾಗುತ್ತೆ ಬಿಡಿ ಅಂತ ಮನೆಯವರು ಹೇಳುತ್ತಾರೆ.

ಉತ್ತರ: ಯಾವ ಚಾಕೊಲೇಟ್, ಎಷ್ಟು, ನಾಯಿಯ ತೂಕ ಎಷ್ಟು, ಮೂರನ್ನೂ ಕೇಳಬೇಕು. ಅದರಲ್ಲಿರುವ ಥಿಯೊಬ್ರೋಮಿನ್ ಅನ್ನೋ ರಾಸಾಯನಿಕ ನಾಯಿಯ ಮೈಯಿಂದ ನಿಧಾನಕ್ಕೆ ಹೊರಹೋಗುತ್ತದೆ. ನಾಯಿಯ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದರೆ ವಾಂತಿ, ಭೇದಿ, ಚಡಪಡಿಕೆ ಶುರು. 60ರ ಹೊತ್ತಿಗೆ ಫಿಟ್ಸ್ ಬರಬಹುದು. ಹತ್ತು ಕಿಲೋ ನಾಯಿಗೆ ಹಾಲಿನ ಚಾಕೊಲೇಟ್ ಸುಮಾರು 100 ಗ್ರಾಂ, ಕಡು ಕಪ್ಪಿನದಾದರೆ 40 ಗ್ರಾಂ ಸಾಕು, ತೊಂದರೆ ಕಾಣುತ್ತದೆ. ನಿಮ್ಮ ಮನೆಯವರ ಒಂದು ತುಂಡು ದೊಡ್ಡ ನಾಯಿಗೆ ಏನೂ ಮಾಡದೇ ಇರಬಹುದು. ಮಕ್ಕಳು ನಾಲ್ಕು ಜನ ಇದ್ದರೆ ಅದು ನಾಲ್ಕು ತುಂಡು, ಅಲ್ವಾ?

ನನಗೆ ಇದಕ್ಕಿಂತ ಹೆದರಿಕೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನದು. ಅದರಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇದ್ದರೆ ಕಿಲೋ ತೂಕಕ್ಕೆ 0.1 ಗ್ರಾಂ ಸಾಕು, ನಾಯಿಯ ರಕ್ತದ ಸಕ್ಕರೆ ಧಡಕ್ಕನೆ ಇಳಿಯುತ್ತದೆ. ಅರ್ಧ ಗಂಟೆಯಲ್ಲೇ ತೂರಾಡಬಹುದು. ಸಣ್ಣ ನಾಯಿಗೆ ಒಂದೆರಡು ಗುಳಿಗೆಯೇ ಜಾಸ್ತಿ. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಪೊಟ್ಟಣ ಕೈಯಲ್ಲಿರಲಿ. ವಾಂತಿ ಮಾಡಿಸೋಕೆ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾಗುತ್ತದೆ.

ತಿಂದು ಎಸೆದ ಜೋಳದ ದಿಂಡು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಂಸ ಚುಚ್ಚಿದ ಕಡ್ಡಿಗೆ ಎಣ್ಣೆ ವಾಸನೆ ಇರೋದರಿಂದ ನಾಯಿ ಕಡ್ಡಿಯನ್ನೇ ನುಂಗುತ್ತದೆ. ಎರಡನ್ನೂ ಮುಚ್ಚಳದ ಡಬ್ಬಿಗೆ ಹಾಕಿ. ಬೆಂಕಿಯನ್ನು ಮರಳು ಮುಚ್ಚಿ ಆರಿಸಿದ್ದರೆ ಕೆಳಗಿನ ಕೆಂಡ ಬೆಳಗ್ಗೆಯೂ ಬಿಸಿ ಇರಬಹುದು. ಅಲ್ಲಿ ಕಾಲಿಟ್ಟು ಸುಟ್ಟುಕೊಂಡರೆ ಹರಿಯುವ ತಣ್ಣೀರಿನ ಕೆಳಗೆ ಪಾದವನ್ನು 20 ನಿಮಿಷ ಹಿಡಿಯಿರಿ. ಬೆಣ್ಣೆ ಗಿಣ್ಣೆ ಹಚ್ಚಬೇಡಿ.

ಪ್ರಶ್ನೆ: ಕ್ಯಾಂಪಿನಲ್ಲಿ ನಾಯಿಗಳಿಗೆ ವೇಷಭೂಷಣ ಸ್ಪರ್ಧೆ ಇದೆ. ಹಾಕಿಸಲಾ?

ಉತ್ತರ: ಕತ್ತಿಗೊಂದು ಬಣ್ಣದ ಕರ್ಚೀಫು ಕಟ್ಟಿ. ಟೊಪ್ಪಿ, ಮುಖವಾಡ, ಕಾಲಿಗೆ ಬೂಟು ಬೇಡ. ಬಟ್ಟೆ ಹಾಕಿದ ಕೂಡಲೇ ನಾಯಿ ಕಲ್ಲಿನ ಹಾಗೆ ನಿಂತುಬಿಟ್ಟರೆ ‘ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ’ ಅನ್ನಬೇಡಿ. ಅದು ಹೆದರಿ ನಿಂತಿದೆ. ಬಿಚ್ಚಿ.

ಪ್ರಶ್ನೆ: ಸುತ್ತಾಡಿ ಬಂದ ಮೇಲೆ ಕಿವಿಯ ಹತ್ತಿರ ರಕ್ತ ಹೀರುವ ಉಣ್ಣೆ ಹುಳ ಸಿಕ್ಕಿತು. ಬೆಂಕಿಕಡ್ಡಿಯಿಂದ ಸುಡಬೇಕಂತೆ?

ಉತ್ತರ: ಸುಡೋದೂ ಬೇಡ, ಎಣ್ಣೆ ಹಾಕೋದೂ ಬೇಡ. ಎರಡರಿಂದಲೂ ಅದು ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ರಕ್ತಕ್ಕೆ ಕಕ್ಕುವ ಅಪಾಯ ಇದೆ. ಕೂದಲು ಬಿಡಿಸಿ. ಚೂಪು ತುದಿಯ ಚಿಮುಟವನ್ನು ಚರ್ಮಕ್ಕೆ ತಾಗಿಸಿ, ಉಣ್ಣೆಯ ಬಾಯಿಯ ಹತ್ತಿರವೇ ಹಿಡಿಯಿರಿ. ಹೊಟ್ಟೆ ಹಿಂಡಬೇಡಿ. ತಿರುಚದೆ, ಜಗ್ಗದೆ, ಒಂದೇ ಹದದಲ್ಲಿ ನೇರ ಮೇಲಕ್ಕೆ ಎಳೆಯಿರಿ. ಚರ್ಮ ಸಣ್ಣ ಗುಡಾರದಂತೆ ಮೇಲೆದ್ದು, ಆಮೇಲೆ ಟಕ್ ಅಂತ ಬಿಡುತ್ತದೆ. ಕಿವಿಯ ಒಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ, ಪಟ್ಟಿಯ ಕೆಳಗೆ, ಇವನ್ನೂ ನೋಡಿ. ಒಂದು ಸಿಕ್ಕಿದರೆ ಇನ್ನೊಂದು ಇರುತ್ತದೆ.

ಪ್ರಶ್ನೆ: ಕೊನೆಯ ರಾತ್ರಿ ಪಟಾಕಿ ಇರುತ್ತದಂತೆ. ನಮ್ಮ ನಾಯಿ ಪಟಾಕಿಗೆ ನಡುಗುತ್ತದೆ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅಂತಾರೆ.

ಉತ್ತರ: ಆಗೋದಿಲ್ಲ. ಹೆದರಿದ ನಾಯಿ ಹತ್ತಿರ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ. ಹೆದರಿಕೆ ಅನ್ನೋದು ಬಹುಮಾನ ಕೊಟ್ಟು ಬೆಳೆಸುವ ಚಾಳಿ ಅಲ್ಲ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ನಮಗೆ ಕೇಳದ ಕೀರಲು ಸದ್ದೂ ಅದಕ್ಕೆ ಕೇಳುತ್ತದೆ.

ಟೆಂಟಿನ ಬಟ್ಟೆಯನ್ನು ಹೆದರಿದ ನಾಯಿ ಒಂದೇ ನಿಮಿಷದಲ್ಲಿ ಹರಿದು ಓಡುತ್ತದೆ. ಗಟ್ಟಿ ಗೋಡೆಯ ಕ್ಯಾಬಿನ್ ಇದ್ದರೆ ಅದನ್ನೇ ಕೇಳಿ. ಇಲ್ಲದಿದ್ದರೆ ಕತ್ತಲಾಗುವ ಮೊದಲೇ ಕಾರಿನಲ್ಲಿ ನೀವೂ ಜೊತೆಗೆ ಕೂತು ದೂರ ಹೋಗಿಬಿಡಿ. ತೀರಾ ನಡುಗುವ ನಾಯಿಗೆ ಮಾತ್ರೆಗಳಿವೆ, ನಿಮ್ಮ ವೈದ್ಯರನ್ನು ಮುಂಚೆಯೇ ಕೇಳಿ, ಮನೆಯಲ್ಲಿ ಒಮ್ಮೆ ಕೊಟ್ಟು ನೋಡಿ.

ಓಡಿಹೋದ ನಾಯಿಯನ್ನು ಮರಳಿ ತರೋದು ಕತ್ತಿನ ಬಿಲ್ಲೆ. ಅದರಲ್ಲಿ ಮನೆಯ ವಿಳಾಸಕ್ಕಿಂತ ಜೇಬಿನಲ್ಲಿರುವ ಮೊಬೈಲಿನ ಸಂಖ್ಯೆ ಮುಖ್ಯ. ಚರ್ಮದ ಕೆಳಗಿನ ಮೈಕ್ರೋಚಿಪ್ಪಿನಲ್ಲಿ ಬರೀ 15 ಅಂಕಿಯ ಒಂದು ಸಂಖ್ಯೆ ಇರುತ್ತದೆ, ನಿಮ್ಮ ಹೆಸರು ಇರೋದಿಲ್ಲ. ಎಲ್ಲಿದೆ ಅಂತ ತೋರಿಸುವ ಶಕ್ತಿಯೂ ಅದಕ್ಕಿಲ್ಲ. ಆ ಸಂಖ್ಯೆಯನ್ನು ನೋಂದಾಯಿಸಿದ ಕಡೆ ನಿಮ್ಮ ಹಳೆಯ ಫೋನ್ ನಂಬರೇ ಇದ್ದರೆ ಹೊರಡುವ ಮೊದಲು ಬದಲಾಯಿಸಿ.